ಏಳು ನೇರಳೆ ಟ್ಯೂಬುಗಳು

ನನ್ನ ನೋಟುಬುಕ್ಕಿನ ಎಡಪುಟದಲ್ಲಿ ದಿನಾಂಕ, ಬಲಪುಟದಲ್ಲಿ ಗೀಟು. ನಾಲ್ಕು ಗೀಟು ನಿಂತ ಮೇಲೆ ಐದನೆಯದು ಅವುಗಳ ಮೈಮೇಲೆ ಅಡ್ಡ. ಅಪ್ಪ ತೊಗರಿ ಚೀಲ ಎಣಿಸುವಾಗ ಗೋಡೆಯ ಮೇಲೆ ಇದ್ದಿಲಿನಿಂದ ಎಳೆಯುತ್ತಿದ್ದುದನ್ನು ನೋಡಿ ಕಲಿತದ್ದು. ಎರಡನೆಯ ಸಲವೂ ಮಳೆ ಕೈಕೊಟ್ಟ ವರ್ಷದ ನೋಟುಬುಕ್ಕಿನಲ್ಲಿ ನಾಲ್ಕು ಎಣಿಕೆಗಳಿವೆ. ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ ನಮ್ಮ ಓಣಿಯ ಎಷ್ಟು ಮನೆಗೆ ಬೀಗ ಬಿತ್ತು. ಬೀದರಿನ ನಮ್ಮ ಕಾಲೇಜಿಗೆ ಎಷ್ಟು ದಿನ ನೀರಿನ ಟ್ಯಾಂಕರ್ ಬಂತು. ಎಷ್ಟು ಗಾಜಿನ ಟ್ಯೂಬು ಹಳದಿಯಿಂದ ನೇರಳೆಗೆ ತಿರುಗಿದವು. ಕೊನೆಯದು, ಎಷ್ಟು ಸಲ ಜನ ನನಗೆ ‘ಬಿಟ್ಟುಬಿಡು’ ಅಂದರು. ಈ ನಾಲ್ಕನೆಯ ಎಣಿಕೆಗೆ ಇನ್ನೊಂದು ಪುಟ ಅಂಟಿಸಬೇಕಾಯಿತು.

ಶುರುವಾದದ್ದು ಕಾಕಿಯಿಂದ. ಕಾಕಿ ಅಂದರೆ ಅಪ್ಪನ ತಮ್ಮನ ಹೆಂಡತಿ. ಅವರ ಮನೆ ಔರಾದಿನಲ್ಲಿ. ಮೊದಲ ಬರದ ವರ್ಷ ಕಾಕಾ, ಕಾಕಿ ಇಬ್ಬರೂ ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋದರು. ಹದಿನಾಲ್ಕು ತಿಂಗಳು ಕಾಕಿ ಅಲ್ಲಿ ಸಿಮೆಂಟು, ಮರಳು ಹೊತ್ತಳು. ಆ ಕಟ್ಟಡದ ಹತ್ತಿರ ಹೆಂಗಸರು ಹೋಗುವಂಥ ಜಾಗವಿರಲಿಲ್ಲ. ಹಾಗಾಗಿ ಬೆಳಗಿನಿಂದ ಸಂಜೆಯತನಕ ನೀರು ಕುಡಿಯುತ್ತಿರಲಿಲ್ಲ. “ಕುಡದ್ರ ಎಲ್ಲಿಗೆ ಹೋಗ್ಬೇಕವ್ವಾ? ಏಳನೇ ಮಾಳಿಗಿಯಿಂದ ಹಾರಬೇಕಾ?” ಅನ್ನುತ್ತಿದ್ದಳು. ಒಂದು ಮಧ್ಯಾಹ್ನ ಅಲ್ಲೇ ಫಿಟ್ಸ್ ಬಂದು ಬಿದ್ದಳು. ಮತ್ತೆ ಎರಡು ಸಲ ಬಂತು. ಕಾಕಾ ಅವಳನ್ನು ಬೀದರಿಗೆ ಕರೆತಂದರು. ತಲೆಯ ಎಂಆರ್‌ಐ ಮಾಡಿಸಬೇಕು ಅಂದರು ಡಾಕ್ಟರು. ನಾನು ಬೀದರಿನಲ್ಲೇ ಓದುತ್ತಿದ್ದೆ, ಔಷಧ ವಿಜ್ಞಾನದ ಸ್ನಾತಕೋತ್ತರ. ಸ್ಕ್ಯಾನ್ ಸೆಂಟರಿಗೆ ಜೊತೆಗೆ ಹೋದೆ.

ಮೊದಲ ಚಿತ್ರದಲ್ಲಿ ಮಿದುಳಿನ ಎಡಭಾಗದಲ್ಲಿ ಒಂದು ಮಬ್ಬು ಕಲೆ ಕಂಡಿತು. ಹಳೆಯ ಗಾಯದ ಗುರುತೋ, ಬೆಳೆಯುವ ಗಂಟೋ ತಿಳಿಯಬೇಕಾದರೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಇನ್ನೊಮ್ಮೆ ತೆಗೆಯಬೇಕಿತ್ತು. ಟೆಕ್ನಿಶಿಯನ್ ಕಾಕಿಯ ರಕ್ತದ ರಿಪೋರ್ಟು ನೋಡಿ ತಲೆಯಾಡಿಸಿದ.

“ಇಂಜೆಕ್ಷನ್ ಕೊಡಾಕ ಬರಂಗಿಲ್ರಿ ಅಮ್ಮಾ. ಕಿಡ್ನಿದು ಜಾಸ್ತಿ ಬಂದದ.”

“ಜಾಸ್ತಿ ಬಂದ್ರ ಚಲೋ ಅಲ್ಲೇನ್ರಿ?”

“ಇದರಾಗ ಜಾಸ್ತಿ ಅಂದ್ರ ಫೇಲ್ ರಿ.”

“ಸಾಲಿಯಾಗೂ ಫೇಲ್, ಇಲ್ಲೂ ಫೇಲ್.” ಕಾಕಿ ಹಾಸಿಗೆಯಿಂದ ಇಳಿಯಲಿಲ್ಲ. “ಹಂಗಾದ್ರ ಕಿಡ್ನಿ ಕೆಟ್ಟೋರ ತಲಿ ಯಾರು ನೋಡ್ತಾರ? ಅದಕ್ಕ ಬ್ಯಾರೆ ಔಷಧ ಇಲ್ಲೇನು?”

ಅವನು ರಿಪೋರ್ಟು ಮಡಚಿ ನನ್ನ ಕೈಗೆ ಕೊಟ್ಟ. ಕಾಕಿ ನನ್ನ ಕಡೆ ತಿರುಗಿದಳು. “ನೀ ಔಷಧದ್ದೇ ಓದ್ಲತ್ತಿ ಅಲ್ಲ? ಹೇಳು.”

ಆ ದಿನ ನೋಟುಬುಕ್ಕಿನಲ್ಲಿ ಎರಡೇ ಪದ ಬರೆದೆ: ಬ್ಯಾರೆ ಔಷಧ.

ಎಲ್ಲರೂ ಅದನ್ನು ಬಣ್ಣದ ಇಂಜೆಕ್ಷನ್ ಅನ್ನುತ್ತಾರೆ, ಆದರೆ ಅದರಲ್ಲಿ ಬಣ್ಣವಿಲ್ಲ. ಅದು ಒಂದು ಲೋಹ, ಹೆಚ್ಚಾಗಿ ಗ್ಯಾಡೊಲಿನಿಯಂ. ಎಂಆರ್‌ಐ ಯಂತ್ರದ ಅಯಸ್ಕಾಂತದೊಳಗೆ ತನ್ನ ಸುತ್ತಲಿನ ನೀರನ್ನು ಹೊಳೆಯುವಂತೆ ಮಾಡುವ ಗುಣ ಅದಕ್ಕಿದೆ. ಬಿಡಿಯಾಗಿ ಮೈಯೊಳಗೆ ಹೋದರೆ ವಿಷ. ಅದಕ್ಕೇ ಇಂಗಾಲ, ಸಾರಜನಕಗಳ ತೋಳುಗಳಿರುವ ಒಂದು ಅಣುವಿನೊಳಗೆ ಅದನ್ನು ಹಕ್ಕಿಯಂತೆ ಕೂಡಿಹಾಕುತ್ತಾರೆ. ಪಂಜರದ ಸಮೇತ ರಕ್ತದಲ್ಲಿ ಸುತ್ತಿ, ಕಿಡ್ನಿಯ ಮೂಲಕ ಪಂಜರದ ಸಮೇತ ಹೊರಗೆ ಬರಬೇಕು. ಕಿಡ್ನಿ ನಿಧಾನವಾದರೆ ಅದು ಒಳಗೇ ಉಳಿಯುತ್ತದೆ. ಪಂಜರ ಸಡಿಲವಿದ್ದರೆ, ಉಳಿದಷ್ಟು ದಿನವೂ ಬಾಗಿಲು ತೆರೆಯುವ ಭಯ. ಕಿಡ್ನಿ ಚೆನ್ನಾಗಿರುವವರ ಮಿದುಳಿನಲ್ಲೂ ಚೂರುಪಾರು ಉಳಿಯುತ್ತದೆಂದು ಓದಿದೆ. ಅದರಿಂದ ಏನಾದರೂ ಆಗುತ್ತದೆಯೇ ಎಂಬುದು ಯಾರಿಗೂ ಖಚಿತವಿಲ್ಲ. ಗಟ್ಟಿ ಪಂಜರದ ಹೊಸ ಔಷಧಗಳು ಬಂದಿವೆ, ದೊಡ್ಡ ಊರುಗಳಲ್ಲಿ ಎಚ್ಚರದಿಂದ ಕೊಡುತ್ತಾರೆ ಎಂಬುದನ್ನೂ ಓದಿದೆ. ಆ ದಿನ ಆ ಸೆಂಟರಿನಲ್ಲಿ ಕಾಕಿಗೆ ಸಿಕ್ಕದ್ದು ಮಾತ್ರ ಚಪ್ಪಲಿ ಹಾಕಿಕೊಂಡು ಎದ್ದುಹೋಗುವ ಅವಕಾಶ.

ನಾನು ಆರಿಸಿಕೊಂಡದ್ದು ಮ್ಯಾಂಗನೀಸ್. ಮೈಗೆ ಪರಿಚಯವಿರುವ ಲೋಹ, ನಾವು ತಿನ್ನುವ ಕಾಳಿನಲ್ಲೂ ಇದೆ. ಹಾಗಂತ ಸಾಧುವಲ್ಲ, ಬಿಡಿಯಾಗಿ ಮಿತಿ ಮೀರಿದರೆ ಅದೂ ಮಿದುಳನ್ನು ಕೆಡಿಸುತ್ತದೆ. ಅದಕ್ಕೂ ಪಂಜರ ಬೇಕು. ಕಾಲೇಜಿನ ನನ್ನ ಮಾರ್ಗದರ್ಶಕರಾದ ಸರ್ ಮುಂದೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಹಾಗೆ ಮಾಡಿದರೆ ಮಾತು ಉದ್ದವಾಗುತ್ತದೆ ಅಂತ ನಮಗೆಲ್ಲ ಗೊತ್ತಿತ್ತು.

“ದೊಡ್ಡ ದೊಡ್ಡ ಲ್ಯಾಬ್‌ನವರು ಇದರ ಹಿಂದ ಬಿದ್ದಾರವ್ವಾ. ನಮ್ಮಲ್ಲಿ ನಳ ತಿರುವಿದ್ರ ಗಾಳಿ ಬರ್ತದ. ಬಿಡು. ಅಶ್ವಗಂಧದ ಮ್ಯಾಲ ಏನಾರ ಮಾಡು, ಆರು ತಿಂಗಳಾಗ ಮುಗೀತದ.”

“ಆ ದೊಡ್ಡ ಲ್ಯಾಬ್‌ನವರಿಗೆ ನಮ್ಮ ಕಾಕಿ ಗೊತ್ತಿಲ್ರಿ ಸರ್.”

“ನಿಮ್ಮ ಕಾಕಿ ಪರೀಕ್ಷಾಕ ಬರಂಗಿಲ್ಲ.”

“ಅಕಿ ಪರೀಕ್ಷಾ ಆಗ್ಯದ್ರಿ. ಫೇಲ್ ಮಾಡ್ಯಾರ.”

‘ಬಿಡು’ ಎಣಿಕೆಯ ಮೊದಲ ಗೀಟು ಅವತ್ತೇ ಬಿತ್ತು. ಆದರೆ ಅವರು ಬೇಡ ಅನ್ನುತ್ತಲೇ ಲ್ಯಾಬಿನ ರಾಸಾಯನಿಕಗಳ ಬೀರುವಿನ ಕೀಲಿಯನ್ನು ನನ್ನ ಕಡೆ ತಳ್ಳಿದ್ದರು. ಅದನ್ನೂ ಬರೆದಿಟ್ಟಿದ್ದೇನೆ.

ಒಂಬತ್ತು ತಿಂಗಳ ಮೇಲೆ ನನ್ನ ಪಂಜರ ತಯಾರಾಯಿತು. ಮ್ಯಾಂಗನೀಸ್ ಒಳಗೆ ಕೂತ ಮೇಲೆ ಉಳಿದದ್ದು ಒಂದು ಚಮಚದಷ್ಟು ಬಿಳಿ ಪುಡಿ. ಪರೀಕ್ಷೆ ಸುಲಭದ್ದು: ಪುಡಿಯನ್ನು ಉಪ್ಪುನೀರಿನಲ್ಲಿ ಕರಗಿಸಿ, ಮೈಯ ಬಿಸಿಯಲ್ಲಿ ಐದು ದಿನ ಇಟ್ಟು, ಆಮೇಲೆ ಒಂದು ಹಳದಿ ದ್ರವದ ಎರಡು ಹನಿ ಹಾಕುವುದು. ಬಿಡಿ ಲೋಹವಿಲ್ಲದಿದ್ದರೆ ಅದು ಹಳದಿಯಾಗಿಯೇ ಉಳಿಯುತ್ತದೆ. ಇದ್ದರೆ, ಯಾವ ಲೋಹವೇ ಆಗಲಿ, ನೇರಳೆಯಾಗುತ್ತದೆ.

ಸುಲಭವಲ್ಲದ್ದು ಟ್ಯೂಬು ತೊಳೆಯುವುದು. ಕಾಲೇಜು ಚಿದ್ರಿ ಕಡೆಗಿತ್ತು, ಕೊಳವೆಬಾವಿ ಆ ಬೇಸಿಗೆಗೆ ಮೊದಲೇ ಕೆಸರು ಉಗುಳಿ ನಿಂತಿತ್ತು. ಟ್ಯಾಂಕರ್ ಮನ್ನಳ್ಳಿ ಕಡೆಯ ಬಾವಿಯಿಂದ ಬರಬೇಕು. ಬಂದ ದಿನ ಹಾಸ್ಟೆಲಿಗೆ ಮೊದಲು, ಶೌಚಾಲಯಕ್ಕೆ ಆಮೇಲೆ, ಲ್ಯಾಬಿಗೆ ಉಳಿದದ್ದು. ಹಲವು ದಿನ ಉಳಿಯುತ್ತಲೇ ಇರಲಿಲ್ಲ. ಆಗ ನಾನು ಟ್ಯೂಬುಗಳನ್ನು ಟವೆಲಿನಲ್ಲಿ ಸುತ್ತಿ ಬಾಡಿಗೆ ಕೋಣೆಗೆ ಒಯ್ಯುತ್ತಿದ್ದೆ.

ಕೋಣೆ ಇದ್ದದ್ದು ಹಳೇ ಊರಿನಲ್ಲಿ, ಬಿದರಿ ಕೆಲಸದವರ ಮನೆಯಲ್ಲಿ. ಅಂಗಳದ ಒಂದು ಮೂಲೆಯಲ್ಲಿ ಎರಕದ ಒಲೆ, ಇನ್ನೊಂದರಲ್ಲಿ ಬಾವಿ. ಆ ಬಾವಿ ಬರಕ್ಕೂ ಬಗ್ಗಲಿಲ್ಲ. ಓಣಿಯ ಅರ್ಧ ಜನ ಅಲ್ಲೇ ನೀರು ಸೇದುತ್ತಿದ್ದರು. ಮನೆಯ ಹಿರಿಯನನ್ನು ನಾನು ಚಾಚಾ ಅನ್ನುತ್ತಿದ್ದೆ, ಅವರ ಹೆಂಡತಿಯನ್ನು ಖಾಲಾ. ಚಾಚಾ ಬೆಳಗಿನಿಂದ ಹೂದಾನಿ, ತಟ್ಟೆಗಳನ್ನು ಅರದಿಂದ ಉಜ್ಜಿ ನುಣುಪು ಮಾಡುವರು. ಆಮೇಲೆ ಕೊರೆದು ಬೆಳ್ಳಿ ತಂತಿ ಕೂರಿಸುವರು. ಬಾವಿಯ ನೀರಿನಲ್ಲಿ ಟ್ಯೂಬು ತೊಳೆದು, ಕಾಲೇಜಿನಿಂದ ತಂದ ಭಟ್ಟಿ ಇಳಿಸಿದ ನೀರಿನಿಂದ ಕೊನೆಗೊಮ್ಮೆ ಜಾಲಿಸಿ, ಸ್ಟೀಲಿನ ತಾಟಿನ ಮೇಲೆ ಬೋರಲು ಹಾಕಿ ಒಣಗಿಸುತ್ತಿದ್ದೆ.

ನನ್ನ ಟ್ಯೂಬುಗಳನ್ನು ನೋಡಿದರೆ ಖಾಲಾಗೆ ಎಳೆ ಮಕ್ಕಳನ್ನು ನೋಡಿದಂಥ ಕಾಳಜಿ. “ಅರೇ ಬೇಟಿ, ತಾಟಿನ ಮ್ಯಾಲ ಖಣಖಣ ಅಂತಾವ, ಒಡದೋಗ್ತಾವ. ನಾ ಚಾದರ ಹಾಸ್ತೀನಿ ತಡಿ.”

ಮಡಚಿಟ್ಟ ಬಿಳಿ ಚಾದರ ತಂದು ನಾಲ್ಕು ಮಡಿಕೆ ಮಾಡಿ ಹಾಸಿದರು. ಒಗೆದ ಚಾದರ. ಆ ಬರದಲ್ಲಿ ನನ್ನ ಟ್ಯೂಬುಗಳಿಗಾಗಿ ಒಂದು ಬಕೀಟು ನೀರು ಖರ್ಚು ಮಾಡಿದ್ದರು. ನಾನು ದಿನಾಂಕ ಬರೆದು, ಕೆಳಗೆ ‘ಖಾಲಾ ಚಾದರ ಹಾಸಿದರು’ ಅಂತ ಬರೆದೆ. ಬರೆದದ್ದು ಪ್ರೀತಿಗೆ. ಲೆಕ್ಕಕ್ಕೆ ಬರುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಒಟ್ಟು ಮೂವತ್ತು ಟ್ಯೂಬುಗಳ ಪರೀಕ್ಷೆ. ಇಪ್ಪತ್ತಮೂರು ಹಳದಿಯಾಗಿಯೇ ನಿಂತವು. ಏಳು ನೇರಳೆಯಾದವು.

ಸರ್ ಸ್ಟ್ಯಾಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಸೋರ್ತದ. ನಿನ್ನ ಪಂಜರ ಸೋರ್ತದ. ನಾಕರಾಗ ಒಂದು ಸೋರೋ ಔಷಧ ಯಾರಿಗೆ ಕೊಡ್ತಿ? ಬಿಡು ಇನ್ನ.”

“ಸೋರೋದಾದ್ರ ಎಲ್ಲಾವೂ ಸೋರಬೇಕಲ್ರಿ ಸರ್. ಅದೇ ಪುಡಿ, ಅದೇ ನೀರು. ಏಳೇ ಯಾಕ?”

“ಯಾಕ ಅಂತ ಹುಡಕೊಂಡು ಕೂತ್ರ ನಿನ್ನ ಜೊತೀಗಿನೋರು ನೌಕರಿಗೆ ಹೋಗಿರ್ತಾರ.”

ಹೋದರೂ ಕೂಡ. ಆ ತಿಂಗಳು ನಮ್ಮ ಬ್ಯಾಚಿನ ನಾಲ್ವರು ಹೈದರಾಬಾದಿನ ಔಷಧ ಕಾರ್ಖಾನೆಗಳಿಗೆ ಹೋದರು. ನಾನು ನೋಟುಬುಕ್ಕು ಬಿಚ್ಚಿ ಕೂತೆ. ಪ್ರತಿ ಟ್ಯೂಬಿಗೂ ಒಂದು ನಂಬರು, ಪ್ರತಿ ನಂಬರಿನ ಮುಂದೆ ತೊಳೆದ ದಿನ, ತೊಳೆದ ಜಾಗ. ಕಾಲೇಜಿನಲ್ಲಿ ತೊಳೆದವು ಹದಿನಾರು: ಎಲ್ಲ ಹಳದಿ. ಮನೆಯಲ್ಲಿ ತೊಳೆದವು ಹದಿನಾಲ್ಕು: ಏಳು ಹಳದಿ, ಏಳು ನೇರಳೆ. ಬಾವಿಯ ನೀರೇ ಕಾರಣವಾದರೆ ಹದಿನಾಲ್ಕೂ ನೇರಳೆಯಾಗಬೇಕಿತ್ತು. ಹಳದಿ ಏಳರ ದಿನಾಂಕಗಳನ್ನು ಬೆರಳಿಟ್ಟು ಓದುತ್ತ ಬಂದೆ. ಕೊನೆಯದಾದ ಮರುದಿನ ಆ ಸಾಲು ಇತ್ತು: ಖಾಲಾ ಚಾದರ ಹಾಸಿದರು. ನೇರಳೆಯಾದ ಏಳೂ ಅದರ ಕೆಳಗೆ.

ಮಧ್ಯಾಹ್ನವೇ ಮನೆಗೆ ಹೋದೆ. ಚಾಚಾ ಒಂದು ಹುಕ್ಕಾದ ಬುಡವನ್ನು ಕಾಲಲ್ಲಿ ಒತ್ತಿ ಹಿಡಿದು ಅರ ಉಜ್ಜುತ್ತಿದ್ದರು. ಬೂದು ಪುಡಿ ಕೆಳಗೆ ಹಾಸಿದ ಚಾದರದ ಮೇಲೆ ಸಣ್ಣಗೆ ಉದುರುತ್ತಿತ್ತು. ನಾಲ್ಕು ಮಡಿಕೆಯ ಬಿಳಿ ಚಾದರ. ಆ ಮನೆಗಳಲ್ಲಿ ಅರದ ಪುಡಿಯನ್ನು ಚೆಲ್ಲುವುದಿಲ್ಲ. ಚಾದರದ ಮೇಲೆ ಕೂಡಿಸಿ, ವಾರಕ್ಕೊಮ್ಮೆ ಜಾಡಿಸಿ, ಮತ್ತೆ ಎರಕಕ್ಕೆ ಹಾಕುತ್ತಾರೆ. ಖಾಲಾ ಒಗೆದದ್ದು ಆ ಚಾದರವನ್ನೇ. ಒಂದು ಬಕೀಟು ನೀರಿಗೆ ನೂಲಿನೊಳಗೆ ಕೂತ ಪುಡಿ ಹೋಗುವುದೆಲ್ಲಿ ಬಂತು? ಒದ್ದೆ ಟ್ಯೂಬುಗಳ ಬಾಯಿ ಬೋರಲಾಗಿ ಅದರ ಮೇಲೇ ಕೂತಿದ್ದವು.

“ಚಾಚಾ, ಈ ಪುಡಿಯಾಗ ಏನೇನದ?”

“ಜಸ್ತ್. ಪೂರಾ ಜಸ್ತ್, ಮ್ಯಾಲ ಚೂರು ತಾಂಬಾ.” ನಾವು ಸತು ಅನ್ನುವುದನ್ನು ಅವರು ಜಸ್ತ್ ಅನ್ನುತ್ತಾರೆ, ತಾಂಬಾ ಅಂದರೆ ತಾಮ್ರ.

ಚಿಟಿಕೆ ಪುಡಿಯನ್ನು ಹುಳಿ ನೀರಿನಲ್ಲಿ ಕದಡಿ, ಜೇಬಿನಲ್ಲಿದ್ದ ಹಳದಿ ದ್ರವದ ಎರಡು ಹನಿ ಹಾಕಿದೆ. ಅಂಗಳದಲ್ಲೇ ನೇರಳೆಯಾಯಿತು. ಖಾಲಾ ಕೈಯಲ್ಲಿದ್ದ ಸೊಪ್ಪು ಬಿಟ್ಟು ಎದ್ದು ಬಂದರು.

“ನಾ ನಿಂದು ಖರಾಬ್ ಮಾಡಿದೆನಾ ಬೇಟಿ?”

“ಇಲ್ಲ ಖಾಲಾ. ನೀವು ನನ್ನ ಔಷಧ ಬಚಾಯಿಸಿದ್ರಿ.”

ಚಾಚಾ ಟ್ಯೂಬನ್ನು ತಿರುಗಿಸಿ ನೋಡಿ ನಕ್ಕರು. “ನಲವತ್ತು ವರ್ಷ ಆಯ್ತು ಈ ಧೂಳು ತಿನ್ನಲತ್ತು. ನಾ ಒಂದಿನಾನೂ ನೇರಳೆ ಆಗಿಲ್ಲ.”

“ಒಳಗ ಯಾರು ನೋಡ್ಯಾರ?” ಅಂದರು ಖಾಲಾ.

ಹನ್ನೆರಡು ಹೊಸ ಟ್ಯೂಬು, ಸ್ಟೀಲಿನ ತಾಟು, ಐದು ದಿನ. ಹನ್ನೆರಡೂ ಹಳದಿ. ಸರ್ ತಾವೇ ಕ್ಯಾಂಟೀನಿಗೆ ಹೋಗಿ ಎರಡು ಚಹಾ ತಂದರು. ನಾನು ಬಂದಾಗಿನಿಂದ ಅವರು ಹಾಗೆ ಮಾಡಿದ್ದು ಅದೇ ಮೊದಲು.

“ಆ ಏಳು ಧೂಳಿನ ಲೆಕ್ಕ. ತಗದ್ಹಾಕು. ಸ್ವಚ್ಛ ಮೂವತ್ತೈದು ಅದಾವ, ಅವನ್ನ ಬರಿ. ಎರಡು ವಾರದಾಗ ವರದಿ ಹೋದ್ರ ಇಲಿಗಳ ಮ್ಯಾಲ ಪರೀಕ್ಷಾಕ ಅನುಮತಿ ಬರ್ತದ.”

ಅವರು ಹೇಳಿದ್ದು ತಪ್ಪಲ್ಲ. ಕೊಳೆಯಾದ ಟ್ಯೂಬನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಖುಷಿಯಿಂದ ಎರಡು ದಿನಕ್ಕೆ ಮೆಹಕರಕ್ಕೆ ಹೋದೆ. ನಮ್ಮ ಓಣಿಯ ಇಪ್ಪತ್ತಾರು ಮನೆಗಳಲ್ಲಿ ಹನ್ನೊಂದಕ್ಕೆ ಬೀಗ. ಹಿಂದಿನ ಸಲ ಎಂಟಿತ್ತು. ಓಣಿಯ ಜನ ಪುಣೆಗೆ, ಹೈದರಾಬಾದಿಗೆ, ಕಬ್ಬು ಕಡಿಯಲು ಹೋಗಿದ್ದರು. ಕಾಕಾ ಮತ್ತೆ ಕಟ್ಟಡಕ್ಕೆ ಹೋಗಿದ್ದರು, ಕಾಕಿ ನಮ್ಮ ಮನೆಯಲ್ಲಿದ್ದಳು. ಫಿಟ್ಸಿನ ಗುಳಿಗೆ ನುಂಗಿ ನುಂಗಿ ಅವಳ ಮಾತು ತುಸು ನಿಧಾನವಾಗಿತ್ತು, ನಾಲಿಗೆ ಮಾತ್ರ ಹಾಗೇ ಇತ್ತು.

ಜೋಳ ಕೇರುತ್ತ ಎಲ್ಲ ಕೇಳಿಸಿಕೊಂಡಳು. ಚಾದರದ ಮಾತು ಬಂದಾಗ ಮೊರ ನಿಲ್ಲಿಸಿದಳು.

“ಧೂಳು ಬಿತ್ತು, ಔಷಧ ಕೆಡ್ತು. ಧೂಳು ಇಲ್ಲದಾಗ ಚಲೋ ಅದ. ಹೌದಲ್ಲ?”

“ಹೌದು ಕಾಕಿ.”

“ಮತ್ತ ನನ್ನ ಮೈಯಾಗ ಧೂಳಿಲ್ಲ ಅಂತ ನಿಂಗ್ಯಾರು ಹೇಳ್ಯಾರ? ಹದಿನಾಕು ತಿಂಗಳು ಸಿಮೆಂಟ್ ತಿಂದೀನಿ.”

“ಅದು ಬ್ಯಾರೆ ಧೂಳು ಕಾಕಿ. ಇದು ಸತು.”

“ಸತು ಮೈಯಾಗ ಇರಲ್ಲೇನು?”

ಇರುತ್ತದೆ. ಎಲ್ಲರ ರಕ್ತದಲ್ಲೂ ಇರುತ್ತದೆ. ಎರಡನೇ ವರ್ಷದ ಪಾಠದಲ್ಲಿ ನಾನೇ ಓದಿ, ನಾನೇ ಬರೆದು, ಅಂಕ ಪಡೆದ ಸಂಗತಿ. ಸತುವಿನಂಥ ಲೋಹಗಳು ಪಂಜರದ ಬಾಗಿಲಿಗೆ ಬಂದು ಒಳಗಿನದನ್ನು ತಳ್ಳಿ ತಾವು ಕೂರುವುದೇ ಈ ಔಷಧಗಳ ದೊಡ್ಡ ಅಪಾಯ ಅಂತಲೂ ಓದಿದ್ದೆ. ಆ ಏಳು ಟ್ಯೂಬುಗಳು ನೇರಳೆಯಾದದ್ದು ಧೂಳಿನ ಸತುವೇ ಹಳದಿ ದ್ರವಕ್ಕೆ ತಾಗಿದ್ದಕ್ಕೋ, ಅಥವಾ ಸತು ನನ್ನ ಮ್ಯಾಂಗನೀಸನ್ನು ಹೊರಗೆ ದಬ್ಬಿದ್ದಕ್ಕೋ? ಹಳದಿ ದ್ರವಕ್ಕೆ ಎರಡೂ ಒಂದೇ. ಚಹಾ ಕುಡಿದ ಖುಷಿಯಲ್ಲಿ ನಾನು ಅದನ್ನು ಕೇಳಿಕೊಂಡಿರಲಿಲ್ಲ. ಒಬ್ಬ ಗಟ್ಟಿಮುಟ್ಟಾದ ಮನುಷ್ಯನ ಮೈಯಿಂದ ಔಷಧ ಒಂದೆರಡು ದಿನದಲ್ಲಿ ಹೊರಗೆ ಹೋಗುತ್ತದೆ. ಸತುವಿಗೆ ತಳ್ಳಾಡಲು ಹೊತ್ತು ಸಾಲದು. ಕಾಕಿಯ ಮೈಯಲ್ಲಿ ಅದು ಎಷ್ಟೋ ದಿನ ಕೂರುತ್ತದೆ. ನಾನು ಯಾರಿಗಾಗಿ ಮಾಡಿದೆನೋ ಅವಳಿಗೇ ಅದು ಕೆಡುಕಾಗಬಹುದಿತ್ತು.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಬೀದರಿಗೆ ವಾಪಸಾದೆ.

ಎಂಟು ಟ್ಯೂಬು. ನಾಲ್ಕರಲ್ಲಿ ಔಷಧ ಮಾತ್ರ, ನಾಲ್ಕರಲ್ಲಿ ಔಷಧದ ಜೊತೆ ಅಳೆದು ಹಾಕಿದ ಸತುವಿನ ಲವಣ. ಮೈಯ ಬಿಸಿಯಲ್ಲಿ ಐದು ದಿನ. ಈ ಸಲ ಹಳದಿ ದ್ರವ ಹಾಕಲಿಲ್ಲ, ಎಂಆರ್‌ಐ ಯಂತ್ರದೊಳಗೇ ಇಡಬೇಕಿತ್ತು. ಪಂಜರದೊಳಗಿನ ಮ್ಯಾಂಗನೀಸೂ ನೀರನ್ನು ಹೊಳೆಯಿಸುತ್ತದೆ, ಆದರೆ ಹೊರಬಿದ್ದದ್ದು ಸುತ್ತಲೂ ನೀರಿಗೆ ಮೈಯೊಡ್ಡಿಕೊಂಡು ಇನ್ನೂ ಹೆಚ್ಚು ಹೊಳೆಯಿಸುತ್ತದೆ. ಸತು ಮಾತ್ರ ಆ ಯಂತ್ರದಲ್ಲಿ ಹೊಳೆಯುವುದೇ ಇಲ್ಲ. ಎಂಟೂ ಒಂದೇ ಸಮ ಕಂಡರೆ ನನ್ನ ಪಂಜರ ಗಟ್ಟಿ.

ಕಾಕಿಗೆ ಇಲ್ಲ ಅಂದಿದ್ದ ಸ್ಕ್ಯಾನ್ ಸೆಂಟರಿಗೇ ಹೋಗಿ ಕೇಳಿದೆ. ಅದೇ ಟೆಕ್ನಿಶಿಯನ್. ಭಾನುವಾರ ಬೆಳಿಗ್ಗೆ ಪೇಷಂಟುಗಳಿಲ್ಲದಾಗ ಬಾ ಅಂದ. ಥರ್ಮೊಕೋಲ್ ಡಬ್ಬಿಯಲ್ಲಿ ಟ್ಯೂಬುಗಳನ್ನು ನೆಟ್ಟು, ಸುತ್ತ ನೀರು ತುಂಬಿ, ತಲೆ ಇಡುವ ಜಾಗದಲ್ಲಿ ಇಟ್ಟೆವು. ಅವನು ಕಂಪ್ಯೂಟರ್ ಮುಂದೆ ಕೂತ.

“ಪೇಷಂಟ್ ಹೆಸರು ಏನು ಹಾಕಲಿ ಮೇಡಂ? ಹೆಸರು, ತೂಕ ಇಲ್ಲಾಂದ್ರ ಮಷೀನ್ ಮುಂದ ಹೋಗಂಗಿಲ್ಲ.”

“ನನ್ನದೇ ಹಾಕ್ರಿ.”

“ತೂಕ?”

“ಡಬ್ಬಿದಾ, ನಂದಾ?”

“ಈಗ ನಿಮ್ಮ ತಲಿ ಡಬ್ಬಿ ಆಗ್ಯದಲ್ರಿ, ಯಾವದಾರ ಹೇಳ್ರಿ.”

ಚಿತ್ರ ಮೂಡಿತು. ಕಪ್ಪು ಪರದೆಯ ಮೇಲೆ ಎಂಟು ದುಂಡು ಚುಕ್ಕೆಗಳು. ಯಾವುದರಲ್ಲಿ ಏನಿದೆ ಅಂತ ಅವನಿಗೆ ಹೇಳಿರಲಿಲ್ಲ. ಅವನು ಖುಷಿಯಿಂದ ಪರದೆಗೆ ಬೆರಳು ತಾಗಿಸಿದ.

“ಬಂತ್ ನೋಡ್ರಿ! ಈ ನಾಕು ಏನ್ ಮಸ್ತ್ ಹೊಳಿಲತ್ತಾವ. ಉಳದ ನಾಕು ಸಾದಾ. ನಿಮ್ಮ ಔಷಧ ಪಾಸ್ ರಿ ಮೇಡಂ.”

ಅವನ ಬೆರಳು ಇದ್ದದ್ದು ಐದು, ಆರು, ಏಳು, ಎಂಟರ ಮೇಲೆ. ಸತು ಹಾಕಿದವು.

“ಅವು ಫೇಲ್ ಆದವು ರಿ. ಹೊಳಿಲತ್ತಿದ್ದು ಹೊರಗ ಬಿದ್ದ ಲೋಹ.”

ಅವನು ಪರದೆಯನ್ನೂ ನನ್ನನ್ನೂ ನೋಡಿದ. “ಇಷ್ಟು ಚಂದ ಕಾಣೋದು ಫೇಲಾ? ಬಿಡ್ರಿ ಮೇಡಂ, ಯಾರಿಗೂ ಗೊತ್ತಾಗಂಗಿಲ್ಲ.”

ನನ್ನ ಎಣಿಕೆಯಲ್ಲಿ ಅದು ಮೂವತ್ತೊಂದನೆಯ ‘ಬಿಡು’. ಅವನು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಚಿತ್ರದ ಪ್ರತಿ ತೆಗೆದುಕೊಂಡು, ಅಂಚಿನಲ್ಲಿ ದಿನಾಂಕ ಬರೆದು, ಅವನಿಂದ ಸಹಿ ಹಾಕಿಸಿಕೊಂಡೆ.

ಸೋಮವಾರ ಸರ್ ಆ ಚಿತ್ರ ನೋಡಿ ಕನ್ನಡಕ ತೆಗೆದರು.

“ಪಾಸಾದ ಹುಡುಗಿ ತಾನೇ ಹೋಗಿ ಫೇಲ್ ಆಗಿ ಬಂದಾಳ. ನಿಂಗ ಯಾರು ಹೇಳಿದ್ರು ಇದನ್ನ ಮಾಡು ಅಂತ?”

“ಕಾಕಿ.”

“ಮತ್ತ ಕಾಕಿ!” ಮೇಜು ಗುದ್ದಿದರು. “ಸತುವಿನ ಪರೀಕ್ಷಾ ಮುಂದಿನ ಹಂತದಾಗ ಮಾಡೋಣಂತ. ಈಗ ವರದಿಯಾಗ ಹಾಕಿದಿ ಅಂದ್ರ ಮುಂದಿನ ಹಂತಾನೇ ಬರಂಗಿಲ್ಲ. ಬಾಗಲ ಮುಚ್ಚತಾರ.”

“ಮುಚ್ಚಲಿ ರಿ.”

“ಒಂದು ವರ್ಷ ಹೋಗ್ತದ ನಿಂದು.”

“ನಂದು ಒಂದು ವರ್ಷ ರಿ ಸರ್. ಅಕಿದು ತಲಿ.”

“ಆ ಏಳು ಟ್ಯೂಬ್ ವರದಿಯಾಗ ಇದ್ರ ನಾ ಸಹಿ ಹಾಕಂಗಿಲ್ಲ, ತಿಳೀತೇನು?”

“ತಿಳೀತ್ರಿ.”

ಆ ಏಳನ್ನೂ ಬರೆದೆ. ಚಾದರವನ್ನೂ ಬರೆದೆ. ಸತು ಹಾಕಿದ ನಾಲ್ಕರ ಚಿತ್ರ ಅಂಟಿಸಿದೆ. ವರದಿಯನ್ನು ಅವರ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಸ್ಟ್ಯಾಂಡಿನ ಸಮೇತ ಏಳು ನೇರಳೆ ಟ್ಯೂಬುಗಳನ್ನು ನಿಲ್ಲಿಸಿದೆ. ಅವರು ವರದಿಯನ್ನು ಸರಿಸಬೇಕಾದರೆ ಮೊದಲು ಟ್ಯೂಬು ಸರಿಸಬೇಕು, ಹಾಗೆ. ಒಂದನೆಯ ದಿನ ಸಹಿಯಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಅವರು ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡದ್ದನ್ನು ಬಾಗಿಲಿನಿಂದ ನೋಡಿದೆ. ನಾಲ್ಕನೆಯ ದಿನ ರಜೆ. ಐದನೆಯ ದಿನ ವರದಿ ನನ್ನ ಜಾಗದಲ್ಲಿತ್ತು. ಕೊನೆಯ ಪುಟದಲ್ಲಿ ಸಹಿ. ಪಂಜರದ ಚಿತ್ರವಿದ್ದ ಪುಟದಲ್ಲಿ ಪೆನ್ಸಿಲಿನಿಂದ ಒಂದು ಸುತ್ತು ಎಳೆದು ಬರೆದಿದ್ದರು: ‘ಸಡಿಲ ಇರೋದು ಈ ತೋಳು ಇರಬಹುದಾ? ಇಲ್ಲಿ ಒಂದು ಉಂಗುರ ಹಾಕಿದರೆ ಬಗ್ಗೋದಿಲ್ಲ.’

ಸರ್ ಹೇಳಿದಂತೆ, ಅನುಮತಿ ಕೊಡುವವರು ಬಾಗಿಲು ಮುಚ್ಚಿದರು. ಮುಂದಿನ ಹಂತಕ್ಕೆ ಅನುಮತಿ ಬರಲಿಲ್ಲ, ನನ್ನ ವರ್ಷ ಹೋಯಿತು. ಆ ಉಂಗುರದ ಪಂಜರ ಮಾಡಲು ಮತ್ತೆ ಹತ್ತು ತಿಂಗಳು ಹಿಡಿಯಿತು. ಅದು ಸತುವಿನ ಮುಂದೆ ಎರಡು ದಿನ ತಡೆದು ಮೂರನೆಯ ದಿನ ಸೋತಿತು. ಅದನ್ನೂ ಬರೆದು ಕೊಟ್ಟೆ. ಮೂರನೆಯದನ್ನು ಮಾಡುವ ಮೊದಲು ಚಾಚಾ ಹತ್ತಿರ ಹೋಗಿ ಒಂದು ಸಣ್ಣ ಶೀಶೆಯಲ್ಲಿ ಅರದ ಪುಡಿ ಕೇಳಿ ತಂದೆ. ಅಳೆದ ಲವಣದ ಪರೀಕ್ಷೆ ಬೇರೆ ಇದ್ದೇ ಇದೆ. ಆದರೆ ನನ್ನ ಕೈಯ ಯಾವ ಪಂಜರವೂ ಮೊದಲು ಎದುರಿಸಬೇಕಾದದ್ದು ಆ ಚಿಟಿಕೆಯನ್ನು. ಖಾಲಾ ಶೀಶೆ ಕಟ್ಟಿಕೊಡುವಾಗ ಅಂದರು, “ಮೊದ್ಲು ಧೂಳು ಬ್ಯಾಡ ಅಂದಿ, ಈಗ ಕೇಳಿ ಒಯ್ಲತ್ತಿ. ಓದಿದೋರಿಗೆ ದಿಮಾಗ್ ಹೀಂಗೇ ಇರ್ತದ ಕಾಣ್ತದ.”

ಕಾಕಿಗೆ ಈಗ ಆರು ತಿಂಗಳಿಗೊಮ್ಮೆ ಇಂಜೆಕ್ಷನ್ ಇಲ್ಲದ ಸಾದಾ ಸ್ಕ್ಯಾನ್. ಕಲೆ ಬೆಳೆದಿಲ್ಲ, ಏನು ಎಂಬುದು ತಿಳಿದೂ ಇಲ್ಲ. ಹೋದ ತಿಂಗಳು ಅವಳನ್ನು ಕರೆದುಕೊಂಡು ಹೋದ ದಿನವೇ ನನ್ನ ಮೂರನೆಯ ಪಂಜರದ ಎಂಟು ಟ್ಯೂಬುಗಳನ್ನೂ ಒಯ್ದಿದ್ದೆ, ನಾಲ್ಕರಲ್ಲಿ ಔಷಧ ಮಾತ್ರ, ನಾಲ್ಕು ಪುಡಿಯ ಜೊತೆ ಏಳು ದಿನ ಕಳೆದವು. ಅವಳದು ಮುಗಿದ ಮೇಲೆ ಡಬ್ಬಿ ಒಳಗೆ ಹೋಯಿತು. ನಾವು ಮೂವರೂ ಪರದೆಯ ಮುಂದೆ ನಿಂತೆವು.

“ಈ ಸಲ ಏನೂ ಮಜಾ ಇಲ್ರಿ ಮೇಡಂ,” ಅಂದ ಟೆಕ್ನಿಶಿಯನ್. “ಎಂಟೂ ಒಂದೇ ಥರ ಕಾಣ್ಲತ್ತಾವ.”

ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಎಂಟೂ ಒಂದೇ ಥರ. ಇನ್ನೊಮ್ಮೆ ತೆಗೆಯಿಸಿದೆ, ಹಾಗೇ ಇತ್ತು.

ಕಾಕಿ ನನ್ನ ತೋಳು ಹಿಡಿದಳು. “ಆಯ್ತೇನು? ನನ್ನ ಔಷಧ?”

“ಇನ್ನೂ ಇಲ್ಲ ಕಾಕಿ. ಇಲಿಗೆ ಕೊಡಬೇಕು, ಆಮ್ಯಾಲ ಬ್ಯಾರೆದವರು ನೋಡಬೇಕು. ಭಾಳ ವರ್ಷ ಹಿಡೀತದ. ನಿನ್ನ ತನಕ ಬರ್ತದೋ ಇಲ್ಲೋ.”

ಅವಳು ಚಪ್ಪಲಿಯೊಳಗೆ ಕಾಲು ತೂರಿಸುತ್ತ ಟೆಕ್ನಿಶಿಯನ್ ಕಡೆ ನೋಡಿದಳು. “ಕೇಳಿದೇನಪ್ಪಾ? ನನ್ನ ಫೈಲ್ ಹರೀಬ್ಯಾಡ. ಇಟ್ಕೊಂಡಿರು. ಬರ್ತೇನಿ.”

ಹೊರಗೆ ಬಂದು, ಗೇಟಿನ ಕಟ್ಟೆಯ ಮೇಲೆ ನೋಟುಬುಕ್ಕು ಬಿಚ್ಚಿ, ಎಡಪುಟದಲ್ಲಿ ದಿನಾಂಕ ಹಾಕಿದೆ. ಬಲಪುಟದಲ್ಲಿ ಪಂಜರ ತಡೆದ ಏಳು ದಿನಕ್ಕೆ ಏಳು ಗೀಟು. ಕಾಕಿ ಬಗ್ಗಿ ನೋಡಿ, ಇದ್ಯಾಕ ಇಷ್ಟೇ ಅಂದಳು. ಎಂಟನೆಯದು ನಾಳೆ ಅಂದೆ.